ಮುಟ್ಟಬಾರದ ಫ್ಯೂಸು

ನಮ್ಮ ಅಂಬಾಸಡರ್ ಕಾರು ಕಾರ್ಖಾನೆಯಿಂದ ಹೊರಡುವಾಗ ಅದಕ್ಕೆ ಇದ್ದದ್ದು ಎರಡೇ ಫ್ಯೂಸು. ಈಗಿನ ಕಾರುಗಳಲ್ಲಿ ಕಿಟಕಿಯ ಗಾಜು ಇಳಿಸಲಿಕ್ಕೆ ಒಂದು, ಮೊಬೈಲಿಗೆ ಚಾರ್ಜು ಮಾಡಲಿಕ್ಕೆ ಒಂದು, ಕನ್ನಡಿ ಮಡಚಲಿಕ್ಕೆ ಇನ್ನೊಂದು ಅಂತ ಡಜನುಗಟ್ಟಲೆ ಫ್ಯೂಸುಗಳು ಸಾಲಾಗಿ ಕೂತಿರುತ್ತವೆ. ಯಾವುದು ಯಾವುದರದ್ದು ಎಂಬ ನಕ್ಷೆಯನ್ನು ಮುಚ್ಚಳದ ಒಳಬದಿಗೆ ಅಚ್ಚು ಹಾಕಿಯೇ ಕೊಡುತ್ತಾರೆ. ನಮ್ಮದರಲ್ಲಿ ಬಾನೆಟ್ ಎತ್ತಿದರೆ ಇಂಜಿನ್ನಿನ ಹಿಂದಿನ ತಗಡಿಗೆ ಸ್ಕ್ರೂ ಹಾಕಿ ಕೂರಿಸಿದ ಒಂದು ಸಣ್ಣ ಕಪ್ಪು ಪೆಟ್ಟಿಗೆ, ಅದರೊಳಗೆ ಗಾಜಿನ ಎರಡು ನಳಿಗೆ, ಅಷ್ಟೆ. ನಳಿಗೆಯ ಒಳಗೆ ಸಪೂರದ ಒಂದು ತಂತಿ. ತಂತಿಯ ಒಟ್ಟಿಗೇ ಒಂದು ಕಾಗದದ ಚೂರು, ಅದರ ಮೇಲೆ ಎಷ್ಟು ಆಂಪಿನದು ಎಂಬ ಅಂಕೆ. ಅಂಕೆಯನ್ನು ಓದಬೇಕಾದರೆ ನಳಿಗೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಬೇಕು.

ಅಂಬಾಸಡರಿನ ಹುಟ್ಟು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ, ವಯರಿಂಗಿನ ಪದ್ಧತಿ ಲೂಕಾಸ್ ಕಂಪೆನಿಯದು. ಎರಡು ಫ್ಯೂಸುಗಳ ನಾಲ್ಕು ತುದಿಗೆ ಎ1, ಎ2, ಎ3, ಎ4 ಅಂತ ಹೆಸರು. ಮೊದಲನೆಯದರ ಪಾಲಿಗೆ ಕೀ ಇಲ್ಲದೆಯೂ ನಡೆಯುವ ಸಂಸಾರ, ಅಂದರೆ ಹಾರ್ನು ಮತ್ತು ಒಳಗಿನ ದೀಪ. ಎರಡನೆಯದರ ಪಾಲಿಗೆ ಕೀ ಹಾಕಿದ ಮೇಲಿನ ಸಂಸಾರ: ವೈಪರು, ಪೆಟ್ರೋಲಿನ ಮುಳ್ಳು, ಬ್ರೇಕ್ ಲೈಟು, ಇಂಡಿಕೇಟರು. ಹೆಡ್‌ಲೈಟಿಗೆ ಮಾತ್ರ ಫ್ಯೂಸೇ ಇಲ್ಲ. ಕತ್ತಲೆಯ ತಿರುವಿನಲ್ಲಿ ಎರಡು ದೀಪವೂ ಒಮ್ಮೆಲೇ ಆರಿಹೋಗುವುದಕ್ಕಿಂತ ವಯರು ಸ್ವಲ್ಪ ಬಿಸಿಯಾಗುವುದೇ ವಾಸಿ ಅಂತ ಆ ಕಾಲದ ಇಂಜಿನಿಯರರು ಎಣಿಸಿರಬೇಕು. ಚಾರ್ಮಾಡಿಯ ಘಾಟಿ ಇಳಿದವರಿಗೆ ಅವರ ಮಾತಿನಲ್ಲಿ ಸತ್ಯ ಉಂಟು ಅಂತ ಕಾಣುತ್ತದೆ.

ಅಪ್ಪ ಹೈಸ್ಕೂಲಿನಲ್ಲಿ ಗಣಿತದ ಮಾಸ್ಟ್ರು. ಎಂಬತ್ತರ ದಶಕದಲ್ಲಿ ಅವರು ಈ ಕಾರನ್ನು ಸೆಕೆಂಡ್‌ಹ್ಯಾಂಡಿಗೆ ಕೊಂಡು ಬಿಜೈಯ ನಮ್ಮ ಮನೆಯ ಅಂಗಳಕ್ಕೆ ತಂದಾಗ ಊರಿಡೀ ಅಂಬಾಸಡರುಗಳೇ. ಹಂಪನಕಟ್ಟೆಯಲ್ಲಿ ಬಾಡಿಗೆಗೆ ಕಾಯುವ ಕಾರುಗಳೂ ಅವೇ, ಮದುವೆಯ ದಿಬ್ಬಣದ ಕಾರೂ ಅದೇ. ಆದರೆ ಅಪ್ಪನಿಗೆ ತನ್ನದು ಬೇರೆ ಎಂಬ ಭಾವನೆ ಇತ್ತು. ಹಾಗಾಗಿ ವರ್ಷಕ್ಕೊಂದು ಅಲಂಕಾರ ಅದಕ್ಕೆ ಸೇರುತ್ತಾ ಹೋಯಿತು. ಮೊದಲು ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಫ್ಯಾನು. ಮಂಗಳೂರಿನ ಏಪ್ರಿಲ್ ತಿಂಗಳಲ್ಲಿ ಅದು ಕಾರಿನೊಳಗಿನ ಸೆಕೆಯನ್ನು ಎದುರಿನವರ ಮುಖದಿಂದ ಹಿಂದಿನವರ ಮುಖಕ್ಕೆ ಸಾಗಿಸುತ್ತಿತ್ತು. ಆಮೇಲೆ ಯಕ್ಷಗಾನದ ಕ್ಯಾಸೆಟ್ ಕೇಳಲಿಕ್ಕೆ ಟೇಪ್‌ರೆಕಾರ್ಡರು. ಆಮೇಲೆ ಕಟೀಲು ಅಮ್ಮನ ಪಟಕ್ಕೆ ಕಡಲೆ ಗಾತ್ರದ ಒಂದು ಕೆಂಪು ಬಲ್ಬು. ಇವೆಲ್ಲವನ್ನೂ ಕೂರಿಸಿದವರು ಕಂಕನಾಡಿಯ ವಯರಿಂಗಿನ ಮೇಸ್ತ್ರಿಗಳು. ಅವರು ಎಲ್ಲದಕ್ಕೂ ಕರೆಂಟು ತೆಗೆದದ್ದು ಒಂದೇ ಕಡೆಯಿಂದ, ಆ ಎ4 ಎಂಬ ತುದಿಯಿಂದ. ಅಲ್ಲಿಂದ ಒಂದು ದಪ್ಪ ವಯರು ಎಳೆದು, ಸ್ಟೇರಿಂಗಿನ ಕೆಳಗೆ ಫಿಯೆಟ್ ಕಾರುಗಳಲ್ಲಿ ಇರುವಂಥ ಪಿಂಗಾಣಿ ಫ್ಯೂಸುಗಳ ನಾಲ್ಕು ಮನೆಯ ಪೆಟ್ಟಿಗೆಯೊಂದನ್ನು ಕೂರಿಸಿಕೊಟ್ಟರು. ಹೀಗಾಗಿ ಎರಡನೆಯ ಗಾಜಿನ ಫ್ಯೂಸಿನ ಹೆಗಲ ಮೇಲೆ ಮೊದಲಿನ ಸಂಸಾರದ ಜೊತೆಗೆ ಫ್ಯಾನು, ಯಕ್ಷಗಾನ ಮತ್ತು ದೇವರು ಸಹ ಬಂದು ಕೂತಂತಾಯಿತು. ಬ್ರೇಕ್ ಒತ್ತಿದಾಗಲೆಲ್ಲ ಅಮ್ಮನ ಬಲ್ಬು ಚೂರು ಮಂಕಾಗುತ್ತಿತ್ತು. ಎದುರಿನಲ್ಲಿ ಅಪಾಯ ಕಂಡರೆ ಅಮ್ಮನಿಗೂ ಗೊತ್ತಾಗುತ್ತದೆ ಅಂತ ಅಜ್ಜಿ ಕೈಮುಗಿಯುತ್ತಿದ್ದರು.

ಮಳೆಗಾಲ ಬಂದರೆ ಲೆಕ್ಕಾಚಾರ ಸುರು. ಫ್ಯಾನು, ಟೇಪು, ವೈಪರು ಮೂರೂ ಓಡುತ್ತಿರುವಾಗ ಬ್ರೇಕು ಒತ್ತಿ ಇಂಡಿಕೇಟರನ್ನೂ ಹಾಕಿದರೆ ಗಾಜಿನ ಫ್ಯೂಸು ತಡೆಯುತ್ತಿರಲಿಲ್ಲ. ಆದ್ದರಿಂದ ನಮ್ಮ ಕಾರಿನಲ್ಲಿ ಒಂದು ಕಾನೂನಿತ್ತು: ವೈಪರ್ ಹಾಕುವ ಮೊದಲು ಟೇಪ್ ನಿಲ್ಲಬೇಕು. ನಂತೂರಿನ ಏರಿನಲ್ಲಿ ಜೂನ್ ತಿಂಗಳ ಮಳೆ ಎದುರಿನಿಂದ ಬಂದು ಹೊಡೆಯುವಾಗ, ಟೇಪಿನಲ್ಲಿ ಕರ್ಣ ರಥದ ಚಕ್ರ ಎತ್ತಲಿಕ್ಕೆ ಇಳಿದಿರುತ್ತಿದ್ದ. ಅಪ್ಪ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಗಂಭೀರವಾಗಿ ಹೇಳುತ್ತಿದ್ದರು, "ಭಾಗವತರನ್ನು ನಿಲ್ಲಿಸು ಮಗಾ, ವೈಪರ್ ಹಾಕ್ತೇನೆ." ನಾನು ಗುಂಡಿ ಒತ್ತುತ್ತಿದ್ದೆ. ಮಳೆ ಬಿಟ್ಟಮೇಲೆ ಕರ್ಣ ಮತ್ತೆ ಸುರು. ಕೆಲವೊಮ್ಮೆ ಮನೆ ಮುಟ್ಟುವವರೆಗೂ ಮಳೆ ಬಿಡುತ್ತಿರಲಿಲ್ಲ. ಹಾಗಾಗಿ ನಮ್ಮ ಪಾಲಿಗೆ ಎಷ್ಟೋ ಮಳೆಗಾಲಗಳಲ್ಲಿ ಕರ್ಣ ಸಾಯಲೇ ಇಲ್ಲ.

ಗಣಿತದ ಮಾಸ್ಟ್ರಿಗೆ ಇದೊಂದು ಬಗೆಹರಿಯದ ಲೆಕ್ಕವಾಗಿತ್ತು. ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಅವರು ಕೂಡಿಸುತ್ತಿದ್ದರು. ಬ್ರೇಕ್ ಲೈಟಿನ ಬಲ್ಬು 21 ವಾಟ್, ಎರಡು ಸೇರಿ 42. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ ಮೂರೂವರೆ ಆಂಪ್. ಇಂಡಿಕೇಟರಿಗೆ ಮತ್ತೆ ಅಷ್ಟೇ. ವೈಪರಿಗೆ ಇಷ್ಟು, ಫ್ಯಾನಿಗೆ ಇಷ್ಟು. ಎಷ್ಟು ಉದಾರವಾಗಿ ಕೂಡಿಸಿದರೂ ಇಪ್ಪತ್ತು ದಾಟುವುದಿಲ್ಲ. ಫ್ಯೂಸಿನ ಹೊಟ್ಟೆಯೊಳಗಿನ ಕಾಗದದಲ್ಲಿ 35 ಅಂತ ಬರೆದಿದೆ. ಹಾಗಿದ್ದ ಮೇಲೆ ಅದು ಹೋಗುವುದು ಯಾಕೆ? ಹಾಳೆ ಹಿಡಿದುಕೊಂಡೇ ಅವರು ಕಂಕನಾಡಿಗೆ ಹೋದರು. ಮೇಸ್ತ್ರಿಗಳು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಬದಿಗೆ ಸರಿಸಿ, ಹಾಳೆಯನ್ನು ನೋಡದೆಯೇ ಹೇಳಿದರು: "ಆ 35 ಅದು ಸಾಯುವ ಲೆಕ್ಕ ಮಾಸ್ಟ್ರೇ. ಬದುಕುವ ಲೆಕ್ಕ ಅದರ ಅರ್ಧ."

ಮಾತು ಅಕ್ಷರಶಃ ನಿಜ. ಲೂಕಾಸಿನ ಗಾಜಿನ ಫ್ಯೂಸಿನ ಮೇಲೆ ಬರೆಯುವುದು ಅದು ಯಾವ ಕರೆಂಟಿಗೆ ಸುಟ್ಟುಹೋಗುತ್ತದೆ ಎಂಬ ಅಂಕೆ. ಸದಾಕಾಲ ಹೊರಬಲ್ಲದ್ದು ಅದರ ಅರ್ಧದಷ್ಟು, ಹದಿನೇಳೂವರೆ ಆಂಪ್. ಪಿಂಗಾಣಿಯ ಫ್ಯೂಸಿನ ಮೇಲಿನ ಅಂಕೆ ಹಾಗಲ್ಲ, ಅದು ಸದಾ ಹೊರುವ ಭಾರದ್ದು. ಹಳೆಯ ಕಾರಿಗೆ ಹೊಸ ಫ್ಯೂಸು ತರುವವರು ಇದನ್ನು ತಿಳಿಯದೆ ಅಂಕೆಗೆ ಅಂಕೆ ಹೊಂದಿಸಿದರೆ, ಹಾಕಿದ್ದು ಇಮ್ಮಡಿ ಬಲದ್ದಾಗುತ್ತದೆ. ಆಗ ಫ್ಯೂಸು ಉಳಿದು ವಯರು ಸುಡುತ್ತದೆ. ಅಪ್ಪ ಆವತ್ತು ರಾತ್ರಿ ಊಟಕ್ಕೆ ಕೂತಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪ್ರಶ್ನೆಪತ್ರಿಕೆಯಲ್ಲಿ ಇದನ್ನು ಕೊಡಬೇಕಿತ್ತಲ್ಲ" ಅಂದರು. ಸೋತೆ ಎಂಬುದು ಇದಕ್ಕಿಂತ ಸ್ಪಷ್ಟವಾಗಿ ಅವರ ಬಾಯಿಂದ ಬರುತ್ತಿರಲಿಲ್ಲ.

ಆಮೇಲೆಯೇ ಅವರಿಗೆ ಹೆಸರು ಬರೆಯುವ ಹುಚ್ಚು ಹಿಡಿದದ್ದು. ಗಾಯಕ್ಕೆ ಹಚ್ಚುವ ಪ್ಲಾಸ್ಟರನ್ನು ಸಣ್ಣದಾಗಿ ಕತ್ತರಿಸಿ, ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯಲ್ಲಿ ಬರೆದು, ಪ್ರತಿ ಫ್ಯೂಸಿನ ಬಳಿ ಅಂಟಿಸಿದರು. ಬಾನೆಟ್ಟಿನ ಅಡಿಯಲ್ಲಿ "ಹಾರ್ನ್, ಒಳದೀಪ" ಮತ್ತು "ಉಳಿದ ಸರ್ವ". ಸ್ಟೇರಿಂಗಿನ ಕೆಳಗಿನ ನಾಲ್ಕು ಮನೆಗಳಿಗೆ ಕ್ರಮವಾಗಿ "ಫ್ಯಾನ್", "ಟೇಪ್", "ಅಮ್ಮ", ಮತ್ತು ನಾಲ್ಕನೆಯದಕ್ಕೆ "ಮುಟ್ಟಬಾರದು". ಮೂರನೆಯದನ್ನು ಓದಿದ ನಮ್ಮ ತಾಯಿ, "ಅಂತೂ ನನ್ನ ಹೆಸರಿನಲ್ಲಿ ಒಂದು ಫ್ಯೂಸಾದರೂ ಮಾಡಿದ್ರಲ್ಲ" ಅಂದರು. ಅದು ಕಟೀಲಿನ ಅಮ್ಮ ಅಂತ ಅಪ್ಪ ವಿವರಿಸಲಿಕ್ಕೆ ಹೊರಟು, ಅರ್ಧಕ್ಕೆ ನಿಲ್ಲಿಸಿದರು. ನಾಲ್ಕನೆಯದರ ಬಗ್ಗೆ ನಾವು ಯಾರೂ ಕೇಳಲಿಲ್ಲ. ಮಾಸ್ಟ್ರು ಮುಟ್ಟಬಾರದು ಅಂತ ಬರೆದದ್ದನ್ನು ಮುಟ್ಟುವ ಮಕ್ಕಳು ನಮ್ಮ ಮನೆಯಲ್ಲಿ ಹುಟ್ಟಿರಲಿಲ್ಲ.

ಕೆಂಪು ಶಾಯಿ ಎರಡನೆಯ ಮಳೆಗಾಲ ಕಾಣಲಿಲ್ಲ. ನಮ್ಮ ಊರಿನ ತೇವಕ್ಕೆ ಬೀರುವಿನೊಳಗಿನ ಪುಸ್ತಕಕ್ಕೇ ಬೂಸ್ಟು ಬರುವಾಗ ಕಾರಿನಲ್ಲಿರುವ ಶಾಯಿಯ ಗತಿ ಹೇಳಬೇಕೆ? ಎಲ್ಲ ಹೆಸರೂ ಗುಲಾಬಿ ಕಲೆಯಾಗಿ ಹರಡಿತು. ಅಪ್ಪ ಅದರ ಮೇಲೆಯೇ ಪೆನ್ಸಿಲಿನಲ್ಲಿ ಇನ್ನೊಮ್ಮೆ ಬರೆದರು.

ತೇವಕ್ಕಿಂತಲೂ ಕೆಟ್ಟದು ಉಪ್ಪುಗಾಳಿ. ಪಿಂಗಾಣಿ ಫ್ಯೂಸಿನಲ್ಲಿ ಲೋಹದ ಪಟ್ಟಿ ಹೊರಗೇ ಇರುತ್ತದೆ, ಎರಡು ಚೂಪು ತುದಿಗಳನ್ನು ಹಿತ್ತಾಳೆಯ ಎರಡು ನಾಲಗೆಗಳು ಒತ್ತಿ ಹಿಡಿದಿರುತ್ತವೆ. ಪಣಂಬೂರಿನ ಕಡಲು ನಮ್ಮ ಮನೆಗೆ ಕಾಣಿಸದಿದ್ದರೂ ಅದರ ಗಾಳಿಗೆ ದಾರಿ ಗೊತ್ತು. ತುದಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ, ಕರೆಂಟು ಅಲ್ಲಿ ತಿಣುಕಾಡಿ ಬಿಸಿಯಾಗುತ್ತದೆ, ಬಿಸಿಗೆ ನಾಲಗೆಗಳು ಸಡಿಲವಾಗುತ್ತವೆ. ಫ್ಯೂಸು ಸರಿಯಾಗಿಯೇ ಇದ್ದರೂ ಫ್ಯಾನು ನಿಂತಿರುತ್ತದೆ. ಇದಕ್ಕೆ ಹಳಬರೆಲ್ಲರಿಗೂ ಗೊತ್ತಿದ್ದ ಮದ್ದೆಂದರೆ ಫ್ಯೂಸನ್ನು ಇದ್ದಲ್ಲೇ ಎರಡು ಸುತ್ತು ತಿರುಗಿಸುವುದು. ಅಪ್ಪ ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈಯನ್ನು ಸ್ಟೇರಿಂಗಿನ ಕೆಳಗೆ ಇಳಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದೊಂದನ್ನೇ ತಿರುಗಿಸುತ್ತಿದ್ದರು. ಕಿಲುಬು ಉಜ್ಜಿಹೋಗಿ ಫ್ಯಾನು ತಿರುಗುತ್ತಿತ್ತು. ಮೂರನ್ನು ಮಾತ್ರ ತಿರುಗಿಸಿ ಕೈ ವಾಪಸು ಬರುತ್ತಿದ್ದದ್ದನ್ನು ಹಿಂದಿನ ಸೀಟಿನಿಂದ ನಾನು ನೋಡಿದ್ದೇನೆ.

ಫ್ಯೂಸು ಹೋದರೆ ದಾರಿಯಲ್ಲಿ ಮಾಡುವುದೇನು? ಎಲ್ಲರ ಉತ್ತರ ಒಂದೇ, ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ. ತಪ್ಪು ಅಂತ ಗೊತ್ತಿದ್ದೂ ಊರೇ ಮಾಡುತ್ತಿದ್ದ ಕೆಲಸ ಅದು. ಕಾಗದ ಸುತ್ತಿದ ಫ್ಯೂಸು ಎಷ್ಟು ಆಂಪಿನದು ಅಂತ ದೇವರಿಗೂ ಹೇಳಲಿಕ್ಕೆ ಆಗುವುದಿಲ್ಲ. ಆದರೆ ಮಂಗಳೂರಿನಲ್ಲಿ ಇನ್ನೊಂದು ಕಷ್ಟ ಇತ್ತು. ಇದು ಗಣೇಶ ಬೀಡಿ, ಭಾರತ ಬೀಡಿಯ ಊರು. ಬೀಡಿ ಕಟ್ಟಿಗೆ ಬೆಳ್ಳಿ ಕಾಗದ ಎಲ್ಲಿಂದ ಬರಬೇಕು? ಹಾಗಾಗಿ ಸಿಗರೇಟು ಸೇದುವವರಿಗೆ ಮೋಟಾರು ಲೋಕದಲ್ಲಿ ತುಸು ಹೆಚ್ಚಿನ ಗೌರವ. ಜನ್ಮದಲ್ಲಿ ಹೊಗೆ ಎಳೆಯದ ಅಪ್ಪ, ಸಹೋದ್ಯೋಗಿಯೊಬ್ಬರಿಂದ ಒಂದು ಖಾಲಿ ಪ್ಯಾಕನ್ನು ಬೇಡಿ ತಂದು ಕಾರಿನ ಗೂಡಿನಲ್ಲಿ ಇಟ್ಟಿದ್ದರು. ಅದು ಅಜ್ಜಿಯ ಕೈಗೆ ಸಿಕ್ಕಿ, ಒಂದು ವಾರ ಮನೆಯಲ್ಲಿ ಪಿಸುಪಿಸು ನಡೆಯಿತು. "ಫ್ಯೂಸಿಗೆ" ಅಂತ ಅಪ್ಪ ಹೇಳಿದ್ದನ್ನು ಅಜ್ಜಿ ನಂಬಿದರೋ ಇಲ್ಲವೋ ತಿಳಿಯದು. ಆ ಕಾಗದವನ್ನು ಅಪ್ಪ ಒಮ್ಮೆಯೂ ಉಪಯೋಗಿಸಲಿಲ್ಲ ಎಂಬುದು ನನಗೆ ಗೊತ್ತು. ಪ್ಯಾಕು ಈಗಲೂ ಅಲ್ಲೇ ಉಂಟು, ಬಣ್ಣ ಹೋಗಿದೆ.

ಪುತ್ತೂರಿನ ದೊಡ್ಡಪ್ಪನಿಗೆ ನಮ್ಮ ಈ ಫ್ಯೂಸಿನ ಉಪದ್ವ್ಯಾಪವೆಲ್ಲ ತಮಾಷೆ. ಅವರದು ಯುದ್ಧಕಾಲದ ವಿಲ್ಲೀಸ್ ಜೀಪು. ಅದರ ಲೈಟಿಗೆ ಫ್ಯೂಸಲ್ಲ, ಸ್ವಿಚ್ಚಿನ ಬೆನ್ನಿಗೆ ಅಂಟಿಕೊಂಡ ಸರ್ಕ್ಯೂಟ್ ಬ್ರೇಕರು. ಒಳಗೆ ಎರಡು ಬೇರೆ ಬೇರೆ ಲೋಹ ಬೆಸೆದ ಒಂದು ಪಟ್ಟಿ. ಕರೆಂಟು ಹೆಚ್ಚಾದರೆ ಬಿಸಿಯಾಗಿ, ಒಂದು ಲೋಹ ಇನ್ನೊಂದಕ್ಕಿಂತ ಹೆಚ್ಚು ಹಿಗ್ಗಿ, ಪಟ್ಟಿ ಬಾಗಿ ಸಂಪರ್ಕ ತಪ್ಪುತ್ತದೆ. ತಣಿದರೆ ನೆಟ್ಟಗಾಗಿ ಮತ್ತೆ ಕೂಡುತ್ತದೆ. ಸಿಟ್ಟು ಬಂದರೆ ಊಟದ ಎಲೆ ಬಿಟ್ಟು ಜಗಲಿಗೆ ಹೋಗಿ, ಐದು ನಿಮಿಷಕ್ಕೆ ತಾನಾಗಿ ಬಂದು ಮಜ್ಜಿಗೆ ಬಡಿಸಿ ಅನ್ನುವ ದೊಡ್ಡಪ್ಪನ ಸ್ವಭಾವವೇ ಅದಕ್ಕೂ ಇತ್ತು. ಒಂದು ರಾತ್ರಿ ಅವರ ಜೀಪಿನಲ್ಲಿ ಕಲ್ಲಡ್ಕ ದಾಟಿ ಬರುತ್ತಿದ್ದೇವೆ. ದೀಪ ಫಕ್ಕನೆ ಹೋಯಿತು. ಕಾಡು, ಕತ್ತಲೆ, ಜೀರುಂಡೆ. ದೊಡ್ಡಪ್ಪ ವೇಗ ತಗ್ಗಿಸಿದರೇ ಹೊರತು ನಿಲ್ಲಿಸಲಿಲ್ಲ. ಡ್ಯಾಶಿನ ಹಿಂದೆ 'ಟಿಕ್' ಅಂದಿತು, ದೀಪ ಬಂತು. "ನೋಡಿದ್ಯಾ? ನಿನ್ನಪ್ಪನ ಕಾರಾದರೆ ಈಗ ಬೆಳ್ಳಿ ಕಾಗದ ಹುಡುಕಬೇಕಿತ್ತು" ಅಂತ ಅವರು ನಕ್ಕರು. ಮತ್ತೆ ಹೋಯಿತು, ಮತ್ತೆ ಬಂತು. ಹಾಗೇ ಕಣ್ಣು ಮಿಟುಕಿಸುತ್ತಾ ಮಂಗಳೂರು ಮುಟ್ಟಿದೆವು.

ಎಲ್ಲಿಯೋ ವಯರು ಬಾಡಿಗೆ ಉಜ್ಜಿ ಶಾರ್ಟ್ ಆಗುತ್ತಿತ್ತು. ಬ್ರೇಕರು ತಾನೇ ಸಂಭಾಳಿಸಿಕೊಂಡು ಹೋಗುತ್ತಿದ್ದದ್ದರಿಂದ ದೊಡ್ಡಪ್ಪ ಎಷ್ಟೋ ತಿಂಗಳು ಅದನ್ನು ಹುಡುಕಿಸಲೇ ಇಲ್ಲ. ನನ್ನ ಒಲವು ಯಾವತ್ತೂ ಫ್ಯೂಸಿನ ಕಡೆಗೇ. ಅದು ಒಂದು ಸಲ ಹೋದರೆ ಹೋಯಿತು. ಗಾಡಿ ಬದಿಗೆ ಹಾಕಿ, ಇಳಿದು, ಏನಾಗಿದೆ ಅಂತ ನೋಡಲೇಬೇಕು. ಸತ್ತ ಗಾಜಿನ ಫ್ಯೂಸು ಕಾರಣವನ್ನೂ ಹೇಳುತ್ತದೆ. ತಂತಿ ನಡುವೆ ಸುಮ್ಮನೆ ತುಂಡಾಗಿದ್ದರೆ ಭಾರ ಹೆಚ್ಚಾಗಿ ಹೋದದ್ದು. ಗಾಜಿನ ಒಳಮೈ ಕಪ್ಪಿಟ್ಟು ಕನ್ನಡಿಯಾಗಿದ್ದರೆ ಎಲ್ಲಿಯೋ ನೇರ ಶಾರ್ಟು. ಮೊದಲನೆಯದಕ್ಕೆ ಟೇಪ್ ನಿಲ್ಲಿಸಿದರೆ ಸಾಕು, ಎರಡನೆಯದಕ್ಕೆ ಹೊಸ ಫ್ಯೂಸು ಹಾಕುವ ಮೊದಲು ಶಾರ್ಟ್ ಹುಡುಕಬೇಕು.

ಅಪ್ಪ ಹೋದಮೇಲೆ ಕಾರು ಅಂಗಳದಲ್ಲಿ ಟಾರ್ಪಾಲು ಹೊದ್ದು ಬಹಳ ಕಾಲ ನಿಂತಿತ್ತು. 2014ರಲ್ಲಿ ಉತ್ತರಪಾರದ ಕಾರ್ಖಾನೆ ಅಂಬಾಸಡರ್ ಮಾಡುವುದನ್ನು ನಿಲ್ಲಿಸಿದ ಸುದ್ದಿ ಪೇಪರಿನಲ್ಲಿ ಬಂದಾಗ, ತಾಯಿ ಅದನ್ನು ಓದಿ, ಟಾರ್ಪಾಲನ್ನು ಸರಿ ಮಾಡಿ ಬಂದರು. ಹೇಗಾದರೂ ಇದನ್ನು ಒಮ್ಮೆ ರಸ್ತೆಗೆ ಇಳಿಸುವ ಅಂತ ನನಗೆ ಆಸೆ ಬಂದದ್ದು ಆಮೇಲೆ. ಕಂಕನಾಡಿಯ ಮೇಸ್ತ್ರಿಗಳು ಕೆಲಸ ಬಿಟ್ಟು ಮನೆಯಲ್ಲಿದ್ದರು. ಆದರೂ ಮಾಸ್ಟ್ರ ಕಾರು ಅಂದದ್ದಕ್ಕೆ ಮೊಮ್ಮಗನ ಸ್ಕೂಟರಿನಲ್ಲಿ ಹಿಂದೆ ಕೂತು ಬಂದರು. ಕೈಯಲ್ಲಿ ಅದೇ ಹಳೆಯ ಟೆಸ್ಟ್ ಲ್ಯಾಂಪು: ಒಂದು ಇಂಡಿಕೇಟರ್ ಬಲ್ಬು, ಅದರಿಂದ ಹೊರಟ ಎರಡು ವಯರು, ಒಂದರ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಕಲ್ಲಿಗೆ ಉಜ್ಜಿ ಚೂಪು ಮಾಡಿದ ಸೈಕಲ್ ಕಡ್ಡಿ.

ಮೊಮ್ಮಗ ಹೊಸ ಕಾರುಗಳ ಕೆಲಸ ಕಲಿತ ಹುಡುಗ. ಅವನು ಸ್ಟೇರಿಂಗಿನ ಕೆಳಗೆ ಬಗ್ಗಿ ನೋಡಿ, "ಅಮ್ಮ ಅಂತ ಬರೆದಲ್ಲಿ ಹಳದಿ ಉಂಟು ಅಜ್ಜ, ಹಾಗಾದ್ರೆ ಇಪ್ಪತ್ತು ಆಂಪ್" ಅಂದ. ಅವನ ಲೆಕ್ಕವೂ ಸುಳ್ಳಲ್ಲ. 1976ರಲ್ಲಿ ಬಂದು ಈಗ ಎಲ್ಲ ಕಾರುಗಳಲ್ಲಿ ಇರುವ ಪ್ಲಾಸ್ಟಿಕ್ ಬ್ಲೇಡ್ ಫ್ಯೂಸುಗಳಲ್ಲಿ ಹಳದಿ ಎಂದರೆ 20, ಕೆಂಪು ಎಂದರೆ 10, ನೀಲಿ ಎಂದರೆ 15. ಆದರೆ ಪಿಂಗಾಣಿಯ ಕಾಲದಲ್ಲಿ ಹಳದಿ 5, ಬಿಳಿ 8, ಕೆಂಪು 16, ನೀಲಿ 25. ಮೇಸ್ತ್ರಿಗಳು, "ಅದು ದೇವರ ಬಲ್ಬು ಮಾರಾಯ, ಅದಕ್ಕೆ ಇಪ್ಪತ್ತು ಎಂತಕ್ಕೆ? ಐದೇ ದಂಡ" ಅಂತ ಅವನನ್ನು ಬದಿಗೆ ಸರಿಸಿದರು.

ಹೆಸರುಗಳನ್ನು ಅವರು ನಂಬಲಿಲ್ಲ. ಬರೆದದ್ದು ಮಾಸ್ಟ್ರೇ ಆದರೂ ಪರೀಕ್ಷೆ ಮಾಡಬೇಕು ಅಂದರು. ಕ್ಲಿಪ್ಪನ್ನು ಬಾಡಿಯ ಬಣ್ಣ ಹೋದ ಜಾಗಕ್ಕೆ ಕಚ್ಚಿಸಿ, ಕಡ್ಡಿಯ ಮೊನೆಯಿಂದ ಪ್ರತಿ ಫ್ಯೂಸಿನ ಎರಡೂ ತುದಿಯನ್ನು ಮುಟ್ಟುತ್ತಾ ಹೋದರು, ಮೊದಲು ಕೀ ಇಲ್ಲದೆ, ಆಮೇಲೆ ಕೀ ಹಾಕಿ. ಎರಡು ತುದಿಯಲ್ಲೂ ಬಲ್ಬು ಹೊತ್ತಿದರೆ ಫ್ಯೂಸು ಸರಿ. ಒಂದೇ ತುದಿಯಲ್ಲಿ ಹೊತ್ತಿದರೆ ಫ್ಯೂಸು ಹೋಗಿದೆ. ಎಲ್ಲಿಯೂ ಹೊತ್ತದಿದ್ದರೆ ಅಲ್ಲಿಗೆ ಕರೆಂಟೇ ಬರುತ್ತಿಲ್ಲ. ಆಮೇಲೆ ಒಂದೊಂದನ್ನೇ ಕಿತ್ತು, ಏನು ನಿಲ್ಲುತ್ತದೆ ಅಂತ ನೋಡುವುದು. ವಯರಿನ ಬಣ್ಣ ನೋಡಿ ಹೇಳಬಹುದಿತ್ತು. ಲೂಕಾಸಿನ ಪದ್ಧತಿಯಲ್ಲಿ ಕಂದು ನೇರ ಬ್ಯಾಟರಿಯದು, ನೇರಳೆ ಹಾರ್ನಿನ ಕಡೆಗೆ ಹೋಗುವಂಥದ್ದು, ಬಿಳಿ ಕೀಯಿಂದ ಬರುವಂಥದ್ದು, ಹಸಿರು ಫ್ಯೂಸು ದಾಟಿದ್ದು. ಆದರೆ ಇಷ್ಟು ವರ್ಷದ ಎಣ್ಣೆ, ಬಿಸಿಗೆ ಎಲ್ಲವೂ ಒಂದೇ ಮಣ್ಣಿನ ಬಣ್ಣಕ್ಕೆ ಬಂದಿದ್ದವು. ಮೇಲಿಂದ ಮೇಸ್ತ್ರಿಗಳೇ ಸೇರಿಸಿದವುಗಳಿಗೆ ಪದ್ಧತಿಯೇ ಇಲ್ಲ. "ಆವತ್ತು ಅಂಗಡಿಯಲ್ಲಿ ಯಾವ ಬಣ್ಣ ಮಿಕ್ಕಿತ್ತೋ ಅದನ್ನು ಹಾಕಿದ್ದು" ಅಂತ ಅವರು ನಾಚಿಕೆಯಿಲ್ಲದೆ ಹೇಳಿದರು.

ಫ್ಯಾನು ಸರಿ. ಟೇಪು ಸರಿ. ಅಮ್ಮ ಸರಿ, ಬಲ್ಬು ಹೊತ್ತಿತು. ನಾಲ್ಕನೆಯದರ ಹತ್ತಿರ ಕಡ್ಡಿ ನಿಂತಿತು. ಪ್ಲಾಸ್ಟರಿನ ಮೇಲೆ ಪೆನ್ಸಿಲಿನ ಅಕ್ಷರ ಇನ್ನೂ ನಿಚ್ಚಳವಾಗಿತ್ತು. ಮೇಸ್ತ್ರಿಗಳು ನನ್ನ ಮುಖ ನೋಡಿದರು, ನಾನು ತಾಯಿಯ ಮುಖ ನೋಡಿದೆ. ತಾಯಿ "ಮುಟ್ಟಿ" ಅಂದರು.

ಕೀ ಇಲ್ಲದೆ ಹೊತ್ತಲಿಲ್ಲ. ಕೀ ಹಾಕಿದರೂ ಹೊತ್ತಲಿಲ್ಲ. ಪೆಟ್ಟಿಗೆಯ ಎರಡು ಸ್ಕ್ರೂ ಬಿಚ್ಚಿ ಮಗುಚಿ ಹಾಕಿ ನೋಡಿದ ಮೇಸ್ತ್ರಿಗಳು ಜೋರಾಗಿ ನಕ್ಕರು. "ಇದಕ್ಕೆ ವಯರೇ ಇಲ್ಲ ಮಾರಾಯ್ರೆ! ನಾಲ್ಕು ಮನೆಯ ಪೆಟ್ಟಿಗೆ ತಂದದ್ದು, ಬೇಕಾದದ್ದು ಮೂರೇ. ಮಾಸ್ಟ್ರು ಖಾಲಿ ಮನೆಯಲ್ಲಿ ಸ್ಪೇರ್ ಫ್ಯೂಸು ಇಟ್ಟಿದ್ದಾರೆ." ಕೆಂಪು ಫ್ಯೂಸು, 16 ಆಂಪ್, ಒಂದು ದಿನವೂ ಕರೆಂಟು ಕಾಣದ್ದು. ಗ್ಯಾರೇಜಿನ ಹುಡುಗರು ಯಾರಾದರೂ ಎತ್ತಿಕೊಂಡು ಹೋಗದಿರಲಿ, ಮಕ್ಕಳು ಆಟಕ್ಕೆ ತೆಗೆಯದಿರಲಿ ಅಂತ ಆ ಎಚ್ಚರಿಕೆ. ತಾಯಿಗೆ ಆಶ್ಚರ್ಯ ಆಗಲಿಲ್ಲ. "ಅವರು ಹಾಗೆಯೇ. ಲಾಗ್ ಟೇಬಲ್ ಪುಸ್ತಕದಲ್ಲಿ ನೂರರ ನೋಟು ಇಟ್ಟದ್ದನ್ನು ನನಗೂ ಹೇಳಿರಲಿಲ್ಲ. ಅವರು ಹೋದಮೇಲೆ ಸಿಕ್ಕಿತು" ಅಂತ ಹೇಳಿ, ಮೇಸ್ತ್ರಿಗಳಿಗೆ ಚಾ ತರಲಿಕ್ಕೆ ಒಳಗೆ ಹೋದವರು ಸ್ವಲ್ಪ ತಡವಾಗಿ ಹೊರಗೆ ಬಂದರು.

ಫೋನಿಗೆ ಚಾರ್ಜು ಮಾಡುವ ಪ್ಲಗ್ಗು ಬೇಕು ಅಂತ ನಾನು ಕೇಳಿದಾಗ, ಮೊಮ್ಮಗ ಅದಕ್ಕೆ ಬೇರೆಯೇ ವಯರು ಎಳೆದು ಬ್ಲೇಡ್ ಫ್ಯೂಸು ಹಾಕಿಕೊಟ್ಟ. ಹೀಗೆ ನಮ್ಮ ಕಾರಿನಲ್ಲಿ ಈಗ ಗಾಜು, ಪಿಂಗಾಣಿ, ಪ್ಲಾಸ್ಟಿಕ್ ಮೂರೂ ಕಾಲದ ಫ್ಯೂಸುಗಳಿವೆ. ಅಂಕೆಗಳ ಅರ್ಥ ಬೇರೆ ಬೇರೆ, ಬಣ್ಣಗಳ ಅರ್ಥ ಬೇರೆ ಬೇರೆ. ಇದನ್ನೆಲ್ಲ ಹೇಳುವ ನಕ್ಷೆ ಯಾವ ಕಂಪೆನಿಯ ಪುಸ್ತಕದಲ್ಲಿಯೂ ಸಿಗುವುದಿಲ್ಲ. ನಾಲ್ಕನೆಯ ಮನೆಯನ್ನು ಇದ್ದಹಾಗೆಯೇ ಬಿಟ್ಟಿದ್ದೇವೆ.

ನಿಮ್ಮ ಮನೆಯಲ್ಲಿಯೂ ಇಂಥ ಹಳೆಯ ಗಾಡಿ ಇದ್ದರೆ, ಅದರ ವಯರಿಂಗು ಬಲ್ಲವರು ಇನ್ನೂ ಇದ್ದರೆ, ಒಂದು ಬಿಡುವಿನ ದಿನ ಅವರನ್ನು ಕರೆದು ಕೂರಿಸಿಕೊಳ್ಳಿ. ಒಂದೊಂದೇ ಫ್ಯೂಸು ಕಿತ್ತು ಯಾವುದು ಯಾವುದರದ್ದು ಎಂದು ಪಕ್ಕದಲ್ಲಿ ಬರೆದಿಡಿ. ಆಂಪು ಎಷ್ಟು ಎಂಬುದನ್ನೂ ಬರೆಯಿರಿ. ಬೆಳ್ಳಿ ಕಾಗದ ಸುತ್ತಿದ್ದು ಕಂಡರೆ ಆವತ್ತೇ ತೆಗೆದು ಹಾಕಿ. ಬರೆಯುವುದು ಮಾತ್ರ ಪೆನ್ಸಿಲಿನಲ್ಲಿ. ಶಾಯಿ ನಮ್ಮ ಊರಿನ ಮಳೆಗೆ ನಿಲ್ಲುವುದಿಲ್ಲ.